ತಲಪಾಡಿಯಿಂದ ಪಳ್ಳಿಕೆರೆಗೆ: ಹೊಗೆಸೊಪ್ಪಿನ ಹಾದಿಯಲ್ಲೊಂದು ದಿನ

ನಮ್ಮ ಶಾಲೆಯ ಕಚೇರಿಗೆ ಕಳೆದ ಮಾರ್ಗಶಿರದಲ್ಲಿ ಒಂದು ನಮೂನೆ ಬಂದಿತು. ‘ತಂಬಾಕುಮುಕ್ತ ವಿದ್ಯಾಸಂಸ್ಥೆ’ಯೆಂದು ಘೋಷಿಸಿಕೊಳ್ಳುವ ಮುನ್ನ ಮುಖ್ಯೋಪಾಧ್ಯಾಯರು ತುಂಬಿ, ತಾವೇ ಅಂಕ ಹಾಕಿಕೊಂಡು, ಸಹಿಯಿಕ್ಕಿ ಕಳುಹಿಸಬೇಕಾದ ಪಟ್ಟಿ ಅದು. ಗೇಟಿನಲ್ಲಿ ಫಲಕವಿದೆಯೇ? ಗೋಡೆಗಳ ಮೇಲೆ ಭಿತ್ತಿಪತ್ರಗಳಿವೆಯೇ? ಆರು ತಿಂಗಳಿಗೊಮ್ಮೆಯಾದರೂ ಕಾರ್ಯಕ್ರಮ ನಡೆದಿದೆಯೇ? ಶಾಲೆಯ ಆವರಣದಿಂದ ನೂರು ಗಜ ದೂರಕ್ಕೆ ಹಳದಿ ಗೆರೆ ಎಳೆಯಲಾಗಿದೆಯೇ? ಆ ಗೆರೆಯೊಳಗೆ ಹೊಗೆಸೊಪ್ಪು ಮಾರುವ ಅಂಗಡಿಗಳಿಲ್ಲವೇ? ಹೀಗೆ ಸಾಗುತ್ತದೆ ಪಟ್ಟಿ. ಕೆಲವು ಪ್ರಶ್ನೆಗಳಿಗೆ ನಾವು ಕೂಡಲೇ ಉತ್ತರಿಸಿದೆವು. ಕೊನೆಯದಕ್ಕೆ ಬಂದಾಗ ಲೇಖನಿ ನಿಂತಿತು.

ಅಧ್ಯಾಪಕ ತರಬೇತಿಯ ದಿನಗಳಲ್ಲಿ ನಮಗೆ ಕಲಿಸಿದ ಒಂದು ಮಾತಿದೆ: ಬೋಧನೆ ನಡೆದ ಮಾತ್ರಕ್ಕೆ ಕಲಿಕೆ ನಡೆಯಿತೆಂದು ತಿಳಿಯಬಾರದು. ಪಾಠಟಿಪ್ಪಣಿ ಬರೆದದ್ದು, ಕರಿಹಲಗೆಯಲ್ಲಿ ಚಿತ್ರ ಬಿಡಿಸಿದ್ದು, ಗಂಟೆ ಹೊಡೆದದ್ದು ಇವೆಲ್ಲ ಅಧ್ಯಾಪಕನ ಕೆಲಸದ ಲೆಕ್ಕ. ಮಗುವಿಗೆ ಎಷ್ಟು ದಕ್ಕಿತೆಂಬುದು ಬೇರೆಯೇ ಲೆಕ್ಕ. ಹೊಗೆಸೊಪ್ಪಿನ ನಿಯಂತ್ರಣಕ್ಕಾಗಿ ನಮ್ಮ ನಾಡಿನಲ್ಲಿ ನಡೆದಿರುವ ಕಾರ್ಯಗಳನ್ನೂ ಇದೇ ಅಳತೆಗೋಲಿನಿಂದ ಅಳೆದರೆ ಹೇಗಿದ್ದೀತು? ಪಟ್ಟಿಗೆ ಅಂಕ ಹಾಕುವ ಮೊದಲು ನಮ್ಮ ಜಿಲ್ಲೆಯನ್ನೊಮ್ಮೆ ಈ ಕಣ್ಣಿನಿಂದ ನೋಡಿ ಬರೋಣವೆಂದು ಮಾಘಮಾಸದ ಒಂದು ಶನಿವಾರ, ವಿಜ್ಞಾನದ ಅಧ್ಯಾಪಕರನ್ನೂ ಮಲಯಾಳದ ಅಧ್ಯಾಪಿಕೆಯನ್ನೂ ಜತೆಗೂಡಿಸಿಕೊಂಡು ನಾವು ಹೊರಟೆವು.

ಗಡಿಯ ಎರಡು ಕಡೆ

ನಮ್ಮ ಪಯಣ ಆರಂಭವಾದುದು ತಲಪಾಡಿಯಲ್ಲಿ. ಬಸ್ಸಿಳಿದು ನಿಂತರೆ ಉತ್ತರಕ್ಕೆ ಕರ್ನಾಟಕ, ದಕ್ಷಿಣಕ್ಕೆ ಕೇರಳ. 1956ರ ನವೆಂಬರ್ 1ರಂದು ಎಳೆದ ಈ ಗೆರೆ ನಮ್ಮ ಮನೆಮಾತನ್ನು ಬದಲಿಸಲಿಲ್ಲ, ನೆಂಟಸ್ತಿಕೆಯನ್ನೂ ಕಡಿಯಲಿಲ್ಲ. ಆದರೆ ಕಾಯಿದೆಗಳನ್ನು ಮಾತ್ರ ಎರಡಾಗಿ ಒಡೆಯಿತು. ಹೊಗೆಸೊಪ್ಪಿನ ವಿಷಯದಲ್ಲಿ ಇದರ ಫಲ ಎದ್ದುಕಾಣುತ್ತದೆ.

ಕೇರಳ ಸರ್ಕಾರವು ಗುಟ್ಕಾ ಮತ್ತು ಹೊಗೆಸೊಪ್ಪು ಬೆರೆಸಿದ ಪಾನ್ ಮಸಾಲೆಯನ್ನು 2012ರ ಮೇ ತಿಂಗಳಿನಲ್ಲಿ ನಿಷೇಧಿಸಿತು. ಕರ್ನಾಟಕದಲ್ಲಿ ಆ ನಿಷೇಧ ಬಂದುದು 2013ರ ಮೇ ತಿಂಗಳ ಕೊನೆಗೆ. ನಡುವಿನ ಒಂದು ವರ್ಷ ಈ ಗೆರೆಯ ದಕ್ಷಿಣಕ್ಕೆ ಅಪರಾಧವಾದುದು ಉತ್ತರಕ್ಕೆ ವ್ಯಾಪಾರವಾಗಿತ್ತು. ತಿರುವನಂತಪುರದಲ್ಲಿದ್ದವನಿಗೆ ನಿಷೇಧವೆಂದರೆ ನಿಷೇಧ. ತಲಪಾಡಿಯ ಹುಡುಗನಿಗೆ ಅದು ಹತ್ತು ಹೆಜ್ಜೆಯ ನಡಿಗೆ. ಇಂದು ಎರಡೂ ಕಡೆ ನಿಷೇಧವಿದೆ. ಆದರೂ ಗಡಿ ದಾಟಿ ಬರುವ ವಾಹನಗಳಲ್ಲಿ ಮೂಟೆಗಟ್ಟಲೆ ಪೊಟ್ಟಣಗಳನ್ನು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಈಗ ಗೆರೆ ಇನ್ನೊಂದು ರೀತಿಯಲ್ಲಿ ತಿರುಗಿದೆ. ಕೇಂದ್ರದ 2003ರ ಕಾಯಿದೆಯಂತೆ ಹದಿನೆಂಟು ತುಂಬದವರಿಗೆ ಹೊಗೆಸೊಪ್ಪು ಮಾರಕೂಡದು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 200 ರೂಪಾಯಿಯವರೆಗೆ ದಂಡ. ಕರ್ನಾಟಕವು ಈ ಕಾಯಿದೆಗೆ ತಂದ ತಿದ್ದುಪಡಿ 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದು, ಅಲ್ಲಿ ವಯಸ್ಸಿನ ಮಿತಿ 21ಕ್ಕೂ ದಂಡ 1,000 ರೂಪಾಯಿಗೂ ಏರಿತು. ಒಬ್ಬನೇ ಹುಡುಗ, ಒಂದೇ ಬೀಡಿ, ಎರಡು ನ್ಯಾಯ! ಗಡಿನಾಡಿನ ಮಟ್ಟಿಗೆ ಒಂದು ರಾಜ್ಯದ ಯೋಜನೆಯನ್ನು ಪ್ರತ್ಯೇಕವಾಗಿ ಅಳೆಯುವುದು ಒಂದೇ ಕಿವಿಯಿಂದ ಯಕ್ಷಗಾನ ಕೇಳಿದಂತೆ. ಎರಡು ಸರ್ಕಾರಗಳೂ ಒಂದೇ ದಿನ ಒಂದೇ ಹೆಜ್ಜೆ ಇಡದಿದ್ದರೆ ನಡುವಿನ ಸಂದಿಯಲ್ಲಿ ವ್ಯಾಪಾರಿ ನುಸುಳುತ್ತಾನೆ.

ಹಾಗೆಂದು ಕೇರಳ ಹಿಂದೆ ಬಿದ್ದಿದೆಯೆಂದು ಓದುಗರು ಭಾವಿಸಬಾರದು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕಾನೂನುಬಾಹಿರವೆಂದು ಕೇರಳದ ಉಚ್ಚ ನ್ಯಾಯಾಲಯವು 1999ರ ಜುಲೈ 12ರಂದೇ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯ ಇಡೀ ದೇಶಕ್ಕೆ ಅಂತಹ ಆದೇಶವನ್ನು ನೀಡಿದುದು 2001ರ ನವೆಂಬರಿನಲ್ಲಿ. ಬಸ್ಸಿನೊಳಗೆ ಹೊಗೆ ತುಂಬಿ, ಕೂಸನ್ನೆತ್ತಿದ ತಾಯಂದಿರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ ದಿನಗಳು ನಮ್ಮ ವಯಸ್ಸಿನವರಿಗೆ ನೆನಪಿವೆ. ಅಂದು ನಾವು ತಲಪಾಡಿಯಿಂದ ಬೇಕಲದವರೆಗೆ ಬಸ್ಸಿನಲ್ಲಿ ಹೋದೆವು. ಒಬ್ಬನಾದರೂ ಬೀಡಿ ಹಚ್ಚಲಿಲ್ಲ. ಇದು ಸಣ್ಣ ಸಾಧನೆಯಲ್ಲ.

ಬೀಡಿಯ ಜಗಲಿಗಳು

ಮಂಜೇಶ್ವರ ದಾಟಿ ಉಪ್ಪಳದಲ್ಲಿಳಿದು ಒಳದಾರಿ ಹಿಡಿದೆವು. ಆರು ಪಥಗಳ ಹೆದ್ದಾರಿಯ ಅಬ್ಬರ ಹಿಂದುಳಿದ ಮೇಲೆ ಹಳೆಯ ಊರು ಹಾಗೆಯೇ ಇತ್ತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಯ ಮನೆ ಅಲ್ಲಿ. ಜಗಲಿಯ ಮೇಲೆ ಕಾಲು ಚಾಚಿ ಕುಳಿತ ಆ ಹಿರಿಯಾಕೆಯ ಮಡಿಲಲ್ಲಿ ಗೆರಸೆ. ಗೆರಸೆಯಲ್ಲಿ ಹೊಗೆಸೊಪ್ಪಿನ ಪುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯ ಕಟ್ಟು, ಕತ್ತರಿ, ತಗಡಿನ ಅಳತೆ, ನೂಲಿನ ಉಂಡೆ. ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಚಿಟಿಕೆ ಪುಡಿಯಿಟ್ಟು ಸುರುಳಿ ಸುತ್ತಿ, ಬಾಯಿ ಮಡಚಿ ನೂಲು ಬಿಗಿಯುವುದಕ್ಕೆ ಆಕೆಗೆ ಕಣ್ಣಿನ ನೆರವೇ ಬೇಕಿರಲಿಲ್ಲ. ನಮ್ಮೊಡನೆ ಮಾತಾಡುತ್ತಲೇ ಕಟ್ಟಿನ ಮೇಲೆ ಕಟ್ಟು ಕಟ್ಟುತ್ತಿದ್ದರು.

ಈ ಒಂದು ಬೀಡಿಯಲ್ಲಿ ಭಾರತದ ಭೂಪಟವೇ ಅಡಗಿದೆ. ಎಲೆ ಬರುವುದು ಮಧ್ಯಭಾರತದ ಕಾಡುಗಳಿಂದ. ಪುಡಿ ಬರುವುದು ಗುಜರಾತಿನಿಂದ, ಮತ್ತು ನಮ್ಮಂತೆಯೇ ಗಡಿಯ ಊರಾದ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಿಂದ. ನ್ಯಾಯವಾದ ಬೆಲೆಗಾಗಿ 1981ರಲ್ಲಿ ಹೊಗೆಸೊಪ್ಪಿನ ರೈತರು ದೊಡ್ಡ ಚಳವಳಿ ನಡೆಸಿದ ಊರು ಅದು. ಸುತ್ತುವ ಕೈಗಳು ತುಳುನಾಡಿನವು. ಚೀಟಿ ಅಂಟುವುದು ಮಂಗಳೂರಿನಲ್ಲಿ.

“ಅಕ್ಕಾ, ಈ ಕೆಲಸ ಬಿಡಬೇಕೆಂದು ಯಾರಾದರೂ ಬಂದು ಹೇಳಿದ್ದುಂಟೇ?” ಎಂದು ಕೇಳಿದೆವು.

“ಬೀಡಿ ಸೇದಬಾರದು ಅಂತ ಹೇಳ್ಲಿಕ್ಕೆ ತುಂಬ ಜನ ಬಂದಿದ್ದಾರೆ ಮಾಸ್ಟ್ರೆ. ನಾನು ಸೇದುದಿಲ್ಲ. ನಮ್ಮವರೂ ಬಿಟ್ಟು ಹತ್ತು ವರ್ಷ ಆಯ್ತು. ಆದ್ರೆ ಸೇದುವವರು ಇಲ್ಲದೆ ಹೋದ್ರೆ ನಮ್ಮ ಒಲೆ ಉರಿಯುದು ಹೇಗೆ? ಅದನ್ನು ಹೇಳ್ಲಿಕ್ಕೆ ಯಾರೂ ಬರ್ಲಿಲ್ಲ” ಎಂದರು ಅವರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಮಗಳ ಓದು, ಮದುವೆ, ಮನೆಯ ಹೆಂಚು ಎಲ್ಲವೂ ಆ ಗೆರಸೆಯಿಂದಲೇ ಬಂದವು. ಸಂಜೆ ಬೀಡಿ ಬ್ರಾಂಚಿಗೆ ಒಯ್ದಾಗ ಒಂದಿಷ್ಟು ತಿರಸ್ಕೃತವಾಗುತ್ತವೆ, ಉಳಿದುದಕ್ಕೆ ಕೂಲಿ. ಇರುಳು ಕೆಮ್ಮು ಬರುತ್ತದೆ. ಅದಕ್ಕೆ ಜೇನು ಮತ್ತು ಶುಂಠಿ. ಸೇದದವರ ಪುಪ್ಪುಸಕ್ಕೂ ಆ ಪುಡಿ ಇಳಿಯುತ್ತದೆಂಬುದು ಯಾವ ಭಿತ್ತಿಪತ್ರದಲ್ಲಿಯೂ ಇಲ್ಲ.

ಈ ನಾಡಿನಲ್ಲಿ ಬೀಡಿಯ ಕತೆ ಹೋರಾಟದ ಕತೆಯೂ ಹೌದು. ಬೀಡಿ ಮತ್ತು ಚುಟ್ಟಾ ಕಾರ್ಮಿಕರ ಕಾಯಿದೆ 1966ರಲ್ಲಿ ಬಂದಿತು. ಅದನ್ನು ಕೇರಳ ಜಾರಿಗೊಳಿಸಲು ಹೊರಟಾಗ ಮಂಗಳೂರಿನ ದೊಡ್ಡ ಸಂಸ್ಥೆಗಳು 1968ರಲ್ಲಿ ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದವು. ಸುಮಾರು 12,000 ಮಂದಿ ಕೈಖಾಲಿಯಾಗಿ ನಿಂತರು. ಆಗ 1969ರ ಫೆಬ್ರವರಿಯಲ್ಲಿ ಹುಟ್ಟಿದುದೇ ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರ ಸಂಘ. ಕಾಸರಗೋಡು ಆಗಿನ್ನೂ ಕಣ್ಣೂರು ಜಿಲ್ಲೆಯ ಭಾಗ; ನಮ್ಮ ಜಿಲ್ಲೆ ಬೇರೆಯಾದುದು 1984ರ ಮೇ 24ರಂದು. ಒಬ್ಬ ಪತ್ರಿಕೆ ಓದುತ್ತಿರಲು ಉಳಿದವರು ಬೀಡಿ ಸುತ್ತುತ್ತ ಕೇಳುವ ಪದ್ಧತಿ ಅಲ್ಲಿನ ಕೆಲಸದ ಕೊಠಡಿಗಳಲ್ಲಿ ಬೆಳೆದಿತ್ತು. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಅನ್ನ ಕೊಟ್ಟ ಆ ಸಂಘ, ಬೀಡಿಯ ಬೇಡಿಕೆ ಕುಸಿಯತೊಡಗಿದಾಗ ಅಳುತ್ತ ಕೂರಲಿಲ್ಲ. ತೆಂಗಿನ ಹಾಲು, ಉಪ್ಪಿನಕಾಯಿ, ಕೊಡೆ, ಬಟ್ಟೆಗಳ ತಯಾರಿಕೆಗೆ ಕೈಹಾಕಿತು. ಕೈಗೆ ಬೇರೆ ಕೆಲಸ ಕೊಟ್ಟೇ ಬೀಡಿಯನ್ನು ಬಿಡಿಸಬಹುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಇರುವ ನಿದರ್ಶನವಿದು.

ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರಗಳು ಮಾಡಿಕೊಂಡ ತಂಬಾಕು ನಿಯಂತ್ರಣದ ಒಪ್ಪಂದಕ್ಕೆ ಭಾರತವು 2004ರಲ್ಲಿ ಅಂಗೀಕಾರವಿತ್ತಿದೆ. ಅದರ ಹದಿನೇಳನೆಯ ವಿಧಿಯಲ್ಲಿ, ಹೊಗೆಸೊಪ್ಪಿನ ಬೆಳೆಗಾರರಿಗೂ ಕಾರ್ಮಿಕರಿಗೂ ಬದುಕಲು ಯೋಗ್ಯವಾದ ಬದಲಿ ದಾರಿಗಳಿಗೆ ಉತ್ತೇಜನ ನೀಡಬೇಕೆಂದು ಸ್ಪಷ್ಟವಾಗಿ ಬರೆದಿದೆ. ಸಹಕಾರ ಸಂಘದ ಕೊಠಡಿಯಲ್ಲಿ ಕುಳಿತವರಿಗೆ ಆ ದಾರಿ ಒಂದಿಷ್ಟು ಸಿಕ್ಕಿತು. ಒಬ್ಬೊಬ್ಬರೇ ತಮ್ಮ ತಮ್ಮ ಜಗಲಿಯಲ್ಲಿ ಕುಳಿತ ನಮ್ಮ ತಾಯಂದಿರಿಗೆ ಸಂಘವೂ ಇಲ್ಲ, ದಾರಿಯೂ ಇಲ್ಲ. ಯೋಜನೆಗೆ ಅಂಕ ಹಾಕುವವರು ಸೇದುವವರನ್ನು ಎಣಿಸುತ್ತಾರೆ. ಸುತ್ತುವವರನ್ನೂ ಎಣಿಸಬೇಕೆಂಬುದು ನಮ್ಮ ವಿನಂತಿ.

ನಮ್ಮದೇ ತೋಟದ ಮಾತು

ಕುಂಬಳೆ ದಾಟುವಾಗ ನಮ್ಮ ವಿಜ್ಞಾನದ ಅಧ್ಯಾಪಕರು ಹಳೆಯ ಚರಿತ್ರೆಯೊಂದನ್ನು ನೆನಪಿಸಿದರು. ಕಂಪೆನಿ ಸರ್ಕಾರದ ಆರಂಭದ ದಿನಗಳಲ್ಲಿ ಕನ್ನಡ ಜಿಲ್ಲೆಯಲ್ಲಿಯೂ ಮಲಬಾರಿನಲ್ಲಿಯೂ ಉಪ್ಪಿನಂತೆ ಹೊಗೆಸೊಪ್ಪಿನ ವ್ಯಾಪಾರವೂ ಸರ್ಕಾರದ ಏಕಸ್ವಾಮ್ಯವಾಗಿತ್ತು. ಕಂದಾಯದ ಭಾರದ ವಿರುದ್ಧ 1830–31ರಲ್ಲಿ ಈ ಕರಾವಳಿಯ ರೈತರು ‘ಕೂಟ’ ಕಟ್ಟಿ ನಿಂತರು. ಹೊಗೆಸೊಪ್ಪಿನ ಏಕಸ್ವಾಮ್ಯ ರದ್ದಾದುದು 1853ರಲ್ಲಿ. ಆಳುವವರಿಗೆ ಈ ಎಲೆ ಅಂದಿನಿಂದಲೂ ಬೊಕ್ಕಸದ ಎಲೆ. ಇಂದಿಗೂ ಒಂದು ಇಲಾಖೆ ಬಿಡಿಸಲು ದುಡಿಯುತ್ತಿದ್ದರೆ ಇನ್ನೊಂದು ಅದರ ತೆರಿಗೆಯನ್ನು ಎಣಿಸುತ್ತಿರುತ್ತದೆ. ಬೀಡಿಯ ಮೇಲಿನ ಜಿಎಸ್‌ಟಿಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸುವ ನಿರ್ಧಾರ 2025ರ ಸೆಪ್ಟೆಂಬರಿನಲ್ಲಿ ಆಯಿತು. ಕಾರ್ಮಿಕರ ಹಿತಕ್ಕೆಂಬ ಮಾತಿದೆ. ಆದರೆ ಅಗ್ಗವಾದ ಬೀಡಿ ಯಾರ ತುಟಿಗೆ ಹೋಗುತ್ತದೆಂಬುದೂ ಕೇಳಬೇಕಾದ ಪ್ರಶ್ನೆಯೇ.

ಕಾಸರಗೋಡಿನ ಕೂಡ್ಲಿನಲ್ಲಿ ತೋಟದ ಬೆಳೆಗಳ ಸಂಶೋಧನಾಲಯವಿದೆ. 1916ರಲ್ಲಿ ತೆಂಗಿನ ಕೇಂದ್ರವಾಗಿ ಆರಂಭವಾಗಿ 1970ರಿಂದ ಈಗಿನ ರೂಪದಲ್ಲಿರುವ ಸಂಸ್ಥೆಯದು. ಅದರ ತೋಟದ ಪಕ್ಕದಲ್ಲಿ ಬಸ್ಸು ಸಾಗುತ್ತಿದ್ದಾಗ ನಮ್ಮ ಮೂವರಲ್ಲಿಯೂ ಮಾತು ನಿಂತಿತು. ಏಕೆಂದರೆ ಬೀಡಿಯ ವಿಷಯ ಮಾತಾಡುವುದು ನಮಗೆ ಸುಲಭ. ಅಡಿಕೆಯ ವಿಷಯ ಸುಲಭವಲ್ಲ.

ಈ ಪತ್ರಿಕೆಯ ಓದುಗರಲ್ಲಿ ಬಹಳ ಮಂದಿ ಅಡಿಕೆಯ ಮನೆಯವರು. ನಾವೂ ಹಾಗೆಯೇ. ನಮ್ಮ ಶಾಲಾ ಶುಲ್ಕ, ತರಬೇತಿಯ ಖರ್ಚು ಎಲ್ಲವೂ ಅಂಗಳದಲ್ಲಿ ಒಣಗಿದ ಅಡಿಕೆಯಿಂದಲೇ ಬಂದವು. ಬೆಲೆ ನೆಲಕಚ್ಚಿದಾಗ ಕೇರಳ ಮತ್ತು ಕರ್ನಾಟಕದ ಬೆಳೆಗಾರರು ಒಂದಾಗಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದಾಗ, ಗಡಿಯ ಗೆರೆಯನ್ನು ಅಳಿಸಿದ ಸಹಕಾರವೆಂದು ನಮ್ಮ ತಂದೆಯವರು ಹೆಮ್ಮೆಪಡುತ್ತಿದ್ದರು. ಬಂದವರ ಮುಂದೆ ಎಲೆಯಡಿಕೆಯ ಹರಿವಾಣ ಇಡದ ಮನೆ ನಮ್ಮಲ್ಲಿ ಮನೆಯೇ ಅಲ್ಲ.

ಆದರೆ ಸತ್ಯವನ್ನು ಹೇಳಲೇಬೇಕು. ಹೊಗೆಸೊಪ್ಪು ಸೇರಿದ ಎಲೆಯಡಿಕೆ ಬಾಯಿಯ ಅರ್ಬುದ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆ 1985ರಲ್ಲಿ ತೀರ್ಮಾನಿಸಿತು. 2004ರಲ್ಲಿ ಪ್ರಕಟವಾದ ಅದರ ಇನ್ನೊಂದು ಗ್ರಂಥವು ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಈ ವಿಷಯದಲ್ಲಿ ಬೆಳೆಗಾರರ ಆಕ್ಷೇಪಗಳಿವೆ, ಹೊಟ್ಟೆಪಾಡಿನ ಆತಂಕವಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ನಮ್ಮ ಅಣ್ಣನವರ ವಿಷಯ ಹೇಳದೆ ಮುಂದೆ ಹೋಗಲಾರೆವು.

ಅಣ್ಣನವರು ಹದಿನಾರರಿಂದ ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುತ್ತಿದ್ದರು. ಬೀಡಿ ಸೇದುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ತಮ್ಮದು ದುಶ್ಚಟವೆಂದು ಅವರೆಂದೂ ಎಣಿಸಿದವರಲ್ಲ. ಕೆನ್ನೆಯೊಳಗೆ ಬಿಳಿಯ ಮಚ್ಚೆಯೊಂದು ಕಂಡಾಗ ಸುಣ್ಣ ಹೆಚ್ಚಾಗಿ ಸುಟ್ಟಿತೆಂದರು. ಅತ್ತಿಗೆಯವರು ತುಪ್ಪ ಹಚ್ಚಿದರು. ಏಳೆಂಟು ತಿಂಗಳು ಹಾಗೆಯೇ ಕಳೆದವು. ಸಾರಿನ ಖಾರ ತಡೆಯದಾದಾಗ, ಬಾಯಿ ಎರಡು ಬೆರಳಿನಷ್ಟೂ ತೆರೆಯದಾದಾಗ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಟಾರ್ಚು ಹಾಕಿ ನೋಡಿ ನಮ್ಮ ಮುಖ ನೋಡಿದರು. 2011ರ ಆಷಾಢದಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷ ದಿನಕ್ಕೆರಡು ಬಾರಿ ಅವರೆದುರು ಕುಳಿತು ಊಟ ಮಾಡಿದ ನಾವು, ಮಕ್ಕಳಿಗೆ ಆರೋಗ್ಯಶಾಸ್ತ್ರ ಕಲಿಸುವ ನಾವು, ಒಮ್ಮೆಯೂ “ಅಣ್ಣ, ಬಾಯಿ ತೆರೆ ನೋಡುವ” ಎಂದಿರಲಿಲ್ಲ.

ಟಾರ್ಚಿನ ಬೆಳಕು ಎಷ್ಟು ದೊಡ್ಡದೆಂದು ನಮಗೆ ಆಮೇಲೆ ತಿಳಿಯಿತು. ತಿರುವನಂತಪುರದ ಪ್ರಾದೇಶಿಕ ಅರ್ಬುದ ಕೇಂದ್ರದವರು 1996ರಿಂದ ಅಲ್ಲಿನ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹದಿಮೂರು ಗುಂಪುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಮನೆಮನೆಗೆ ತರಬೇತಿ ಪಡೆದ ಪದವೀಧರರು ಹೋಗಿ ಜನರ ಬಾಯಿಯನ್ನು ಕಣ್ಣಾರೆ ಪರೀಕ್ಷಿಸಿದರು. ಇವರು ವೈದ್ಯರಲ್ಲ. ಇನ್ನೊಂದು ಪಾಲಿನವರಿಗೆ ಎಂದಿನ ಆರೈಕೆ ಮಾತ್ರ. ಒಟ್ಟು ಒಂದು ಲಕ್ಷದ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ. 2005ರಲ್ಲಿ ಫಲಿತಾಂಶ ಪ್ರಕಟವಾದಾಗ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದಿಂದಾಗುವ ಸಾವು ಪರೀಕ್ಷೆ ನಡೆದ ಕಡೆ ಶೇಕಡಾ 34ರಷ್ಟು ಕಡಿಮೆಯಿತ್ತು. ಯೋಜನೆಯನ್ನು ಅಳೆಯುವುದೆಂದರೆ ಹೀಗೆ: ಮಾಡಿದ ಕಡೆ ಏನಾಯಿತು, ಮಾಡದ ಕಡೆ ಏನಾಯಿತು ಎಂದು ಹೋಲಿಸಿ ನೋಡುವುದು.

ಇದಕ್ಕೂ ಮೊದಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತವಿಜ್ಞಾನಿಗಳು ಕೇರಳದ ಎರ್ನಾಕುಳಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಜಿಲ್ಲೆಗಳಲ್ಲಿ ಹೊಗೆಸೊಪ್ಪು ಬಳಸುವ 36,000 ಮಂದಿಯನ್ನು ವರ್ಷವರ್ಷವೂ ಕಂಡು ತಿಳಿಹೇಳಿದರು. ಅದೇ ಜಿಲ್ಲೆಗಳಲ್ಲಿ ಹಿಂದೆ ಬುದ್ಧಿವಾದವಿಲ್ಲದೆ ಬರಿದೆ ಗಮನಿಸಿದ್ದವರೊಡನೆ ಹೋಲಿಸಿದಾಗ, ತಿಳಿಹೇಳಿಸಿಕೊಂಡವರಲ್ಲಿ ಬಿಟ್ಟವರು ಹೆಚ್ಚು, ಬಾಯಿಯ ಬಿಳಿಮಚ್ಚೆ ಕಡಿಮೆ ಎಂಬುದು 1986ರಲ್ಲಿ ಪ್ರಕಟವಾಯಿತು. ಎದುರು ಕುಳಿತು ಆಡಿದ ಮಾತು ವ್ಯರ್ಥವಲ್ಲವೆಂಬುದು ಅಧ್ಯಾಪಕರಾದ ನಮಗೆ ಸಮಾಧಾನದ ವಿಷಯ.

ಪಳ್ಳಿಕೆರೆಯ ಗದ್ದೆ

ಚಂದ್ರಗಿರಿ ಸೇತುವೆ ದಾಟಿ, ಉದುಮ ಕಳೆದು, ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಬೇಕಲ ಕೋಟೆಯ ನೆರಳಿನಲ್ಲಿ ಪಳ್ಳಿಕೆರೆಗೆ ತಲಪುವಾಗ ಬಿಸಿಲು ಇಳಿಮುಖವಾಗಿತ್ತು. ಕೇರಳದಲ್ಲಿ ಹೊಗೆಸೊಪ್ಪಿನ ಬೆಳೆಗೆ ಹೆಸರಾದ ನೆಲ ನಮ್ಮ ಜಿಲ್ಲೆಯ ಈ ಕರಾವಳಿ: ಪಳ್ಳಿಕೆರೆ, ಅಜಾನೂರು, ಹೊಸದುರ್ಗದ ಸುತ್ತಲಿನ ಮರಳು ಬೆರೆತ ಗದ್ದೆಗಳು. ಬತ್ತದ ಕೊಯಿಲಿನ ನಂತರ ಸಸಿ ನೆಟ್ಟು, ಗದ್ದೆಯಲ್ಲಿಯೇ ತೋಡಿದ ಹೊಂಡಗಳಿಂದ ಕೊಡದಲ್ಲಿ ನೀರೆತ್ತಿ ಹೊಯ್ದು, ಕುಡಿ ಚಿವುಟಿ, ಆನೆಕಿವಿಯಂತಹ ಎಲೆ ಬಲಿತ ಮೇಲೆ ಕೊಯ್ದು ಬಿಸಿಲಿಗೆ ಒಣಗಿಸುತ್ತಾರೆ. ಇದು ಹೆಚ್ಚಾಗಿ ಎಲೆಯಡಿಕೆಗೆ ಸೇರುವ ಸೊಪ್ಪು.

ಹುಡುಕಿದ ಮೇಲೆ ಅಂತಹ ಒಂದು ಗದ್ದೆ ಕಂಡಿತು. ಸುತ್ತ ಕಲ್ಲಂಗಡಿ, ತರಕಾರಿ, ಅದರಾಚೆ ಹೊಸ ಮನೆಗಳು. ಮುದುಕರೊಬ್ಬರು ಕೊಡವನ್ನು ಹೆಗಲಿಂದಿಳಿಸಿ ನಮ್ಮ ಅಧ್ಯಾಪಿಕೆಯೊಡನೆ ಮಲಯಾಳದಲ್ಲಿ ಮಾತಿಗೆ ನಿಂತರು. ಮೊದಲು ಕಣ್ಣು ಹಾಯುವವರೆಗೂ ಇದೇ ಬೆಳೆಯಿತ್ತಂತೆ. ಸರ್ಕಾರ ಬೇಡವೆಂದಿತೇ ಎಂದು ಕೇಳಿದರೆ ನಕ್ಕರು. ಯಾರೂ ಬೇಡವೆನ್ನಲಿಲ್ಲ, ನೀರು ಹೊರುವ ಆಳು ಸಿಗಲಿಲ್ಲ, ಮಕ್ಕಳು ಗಲ್ಫಿಗೆ ಹೋದರು, ಕೊಳ್ಳುವವರು ಕಡಿಮೆಯಾದರು, ಅಷ್ಟೇ. ತಾವೇಕೆ ಬಿಡಲಿಲ್ಲವೆಂದರೆ, ಬೇರೆ ಕೃಷಿ ಕೈಗೆ ಬರುವುದಿಲ್ಲವೆಂದರು.

ಈ ಮಾತಿನಲ್ಲಿ ದೊಡ್ಡ ಪಾಠವಿದೆ. ಈ ಗದ್ದೆಗಳಿಂದ ಹೊಗೆಸೊಪ್ಪು ಮಾಯವಾದುದನ್ನು ಯೋಜನೆಯೊಂದರ ಗೆಲುವೆಂದು ವರದಿಯಲ್ಲಿ ಬರೆಯುವುದು ಸುಲಭ, ಸತ್ಯವಾಗಿರುವುದು ಕಷ್ಟ. ಮನೆಮನೆಗೆ ಹೋಗಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ಕೇರಳದ ವಯಸ್ಕರಲ್ಲಿ ಹೊಗೆಸೊಪ್ಪು ಬಳಸುವವರು 2009–10ರಲ್ಲಿ ಶೇಕಡಾ 21.4, 2016–17ರಲ್ಲಿ 12.7. ಅದೇ ಅವಧಿಯಲ್ಲಿ ಕರ್ನಾಟಕದಲ್ಲಿ 28.2ರಿಂದ 22.8ಕ್ಕೆ, ಇಡೀ ದೇಶದಲ್ಲಿ 34.6ರಿಂದ 28.6ಕ್ಕೆ ಇಳಿಯಿತು. ಕೇರಳದ ಇಳಿಕೆ ಮೆಚ್ಚತಕ್ಕದ್ದೇ. ಆದರೆ ಅದರಲ್ಲಿ ನ್ಯಾಯಾಲಯದ ಪಾಲೆಷ್ಟು, ನಿಷೇಧದ ಪಾಲೆಷ್ಟು, ವಿದ್ಯೆಯ ಪಾಲೆಷ್ಟು ಎಂಬುದನ್ನು ಆ ಒಂದು ಅಂಕೆ ಹೇಳಲಾರದು. ರಾಜ್ಯದ ಸರಾಸರಿಯಲ್ಲಿ ನಮ್ಮ ಊರಿನ ಮುಖ ಕಾಣುವುದೂ ಇಲ್ಲ. ತರಗತಿಯ ಸರಾಸರಿ ಅಂಕ ಚೆನ್ನಾಗಿದ್ದರೂ ಕೊನೆಯ ಬೆಂಚಿನ ಹುಡುಗ ಅನುತ್ತೀರ್ಣನಾಗಿರಬಹುದು. ಕೇರಳದ ತರಗತಿಯಲ್ಲಿ ಬಡಗಣ ತುದಿಯ ನಾವು ಕುಳಿತಿರುವುದು ಕೊನೆಯ ಬೆಂಚಿನಲ್ಲಿ.

ಆ ಬೆಂಚಿಗೆ ಪಾಠ ಕೇಳಿಸಬೇಕಾದರೆ ಅದು ನಮ್ಮ ಭಾಷೆಯಲ್ಲಿರಬೇಕು. ನಮ್ಮ ಶಾಲೆಗೆ ಬಂದ ಭಿತ್ತಿಪತ್ರಗಳು ಮಲಯಾಳದಲ್ಲಿದ್ದವು. ನೆರೆಭಾಷೆಯ ಮೇಲೆ ನಮಗೆ ಮುನಿಸಿಲ್ಲ. ನಮ್ಮ ಮಕ್ಕಳು ಅದನ್ನು ಕಲಿಯುತ್ತಾರೆ. ಆದರೆ ಮಗು ಮನೆಗೊಯ್ದ ಕರಪತ್ರವನ್ನು ಓದಬೇಕಾದವಳು ಕನ್ನಡ ಮಾತ್ರ ಬಲ್ಲ ಅಜ್ಜಿ. ಕನ್ನಡದ ಪ್ರತಿಗಳಿಗಾಗಿ ಎರಡು ಬಾರಿ ಬರೆದೆವು, ಉತ್ತರವಿಲ್ಲ. ಕೊನೆಗೆ ಏಳನೆಯ ತರಗತಿಯವರೇ ಕನ್ನಡದಲ್ಲಿಯೂ ಕನ್ನಡ ಲಿಪಿಯ ತುಳುವಿನಲ್ಲಿಯೂ ಬರೆದು ಅಂಟಿಸಿದರು. ಈ ದೃಷ್ಟಿಯಿಂದ, 2009ರಿಂದ ಪೊಟ್ಟಣಗಳ ಮೇಲೆ ಬಂದ, 2016ರಿಂದ ಶೇಕಡಾ 85 ಭಾಗವನ್ನು ಆವರಿಸಿದ ಎಚ್ಚರಿಕೆಯ ಚಿತ್ರವೇ ನಮ್ಮಂತಹ ಸಪ್ತಭಾಷೆಗಳ ನಾಡಿಗೆ ಅತ್ಯುತ್ತಮ ಅಧ್ಯಾಪಕ. ಅದಕ್ಕೆ ಲಿಪಿ ಬೇಡ.

ಇನ್ನೊಂದು ಸಂಗತಿ. ವಿಶ್ವ ತಂಬಾಕುರಹಿತ ದಿನ ಮೇ 31. ಕೇರಳದ ಶಾಲೆಗಳು ತೆರೆಯುವುದು ಜೂನ್ ಮೊದಲ ವಾರದಲ್ಲಿ. ಜಗತ್ತೆಲ್ಲ ಮಕ್ಕಳಿಗೆ ಪ್ರತಿಜ್ಞೆ ಬೋಧಿಸುವ ದಿನ ನಮ್ಮ ಶಾಲೆಯಲ್ಲಿರುವುದು ಖಾಲಿ ಬೆಂಚುಗಳು. ವರದಿಗೆ ಚಿತ್ರ ಬೇಕೆಂದು ನಾಲ್ವರು ಅಧ್ಯಾಪಕರು ಬ್ಯಾನರು ಹಿಡಿದು ನಿಂತದ್ದೂ ಉಂಟು. ಆ ಸಾಲಿನಲ್ಲಿ ನಾವೂ ಇದ್ದೆವು.

ನೂರು ಗಜದ ಲೆಕ್ಕ

ಊರಿಗೆ ಮರಳಿದ ಮೇಲೆ ಸೋಮವಾರ ಏಳನೆಯ ತರಗತಿಯ ಮಕ್ಕಳಿಗೆ ಅಳತೆಪಟ್ಟಿ ಕೊಟ್ಟೆವು. ನೂರು ಗಜವೆಂದರೆ 91 ಮೀಟರಿಗಿಂತ ತುಸು ಹೆಚ್ಚು. ಆವರಣದ ಗೋಡೆಯಿಂದ ತಿರುವಿನ ಅಂಗಡಿಗೆ ಮಕ್ಕಳು ಅಳೆದ ದೂರ 78 ಮೀಟರು. ಅಂಗಡಿಯ ಮುಂದೆ ಬಾಳೆಗೊನೆಯ ಪಕ್ಕ ತೋರಣದಂತೆ ಪೊಟ್ಟಣಗಳು ತೂಗಾಡುತ್ತಿದ್ದವು. ಅಂಗಡಿಯಾತ ನಮ್ಮ ಹಳೆಯ ವಿದ್ಯಾರ್ಥಿ.

ಸಂಜೆ ಒಬ್ಬರೇ ಹೋದೆವು. ಹೇಳಬೇಕಾದುದನ್ನು ಹೇಳಿದೆವು. ಆತ ಮರುಮಾತಾಡಲಿಲ್ಲ. ಬೆಂಚು ಒರೆಸಿ ಕುಳ್ಳಿರಿಸಿ, ಮಜ್ಜಿಗೆ ಕೊಟ್ಟು, “ನಾಲ್ಕನೇ ಕ್ಲಾಸಲ್ಲಿ ಇರುವಾಗ ನಿಮ್ಮ ಸ್ಟಾಫ್ ರೂಮಿಗೆ ಎಲೆಯಡಿಕೆ, ಹೊಗೆಸೊಪ್ಪು ತಂದುಕೊಡ್ಲಿಕ್ಕೆ ನಾನೇ ಓಡ್ತಾ ಇದ್ದದ್ದು. ನೆನಪುಂಟಾ ಸಾರ್?” ಎಂದ. ಮಾತಿನಲ್ಲಿ ಆಕ್ಷೇಪವಿರಲಿಲ್ಲ, ಹಳೆಯ ಪ್ರೀತಿಯಿತ್ತು. ನಮಗೆ ನೆನಪಿತ್ತು. 1994ನೆಯ ಇಸವಿ. ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದೆವು. ಹಿರಿಯರ ರೂಢಿಯಂತೆ ಚುರುಕಾದ ಹುಡುಗನೊಬ್ಬನನ್ನು ಕರೆದು ಚಿಲ್ಲರೆ ಕೊಡುತ್ತಿದ್ದವರಲ್ಲಿ ನಾವೂ ಒಬ್ಬರು. ಅಂದು ಗೋಡೆಯ ಮೇಲೆ ಆರೋಗ್ಯದ ಸೂತ್ರಗಳನ್ನು ಬರೆಸಿದ್ದೆವು. ಮಗು ಗೋಡೆಯಿಂದ ಕಲಿಯಲಿಲ್ಲ, ನಮ್ಮ ಕೈಯಿಂದ ಕಲಿಯಿತು.

ತಪ್ಪನ್ನು ಒಪ್ಪಿಕೊಂಡೆವು. “ಕಾಯಿದೆಯ ಮಾತು ಬಿಡು. ನಿನಗೆ ಆ ದಾರಿ ತೋರಿಸಿದ್ದು ನಾವು. ಅದೇ ದಾರಿಯಲ್ಲಿ ಈಗ ನಿನ್ನ ಮಗಳೂ ಶಾಲೆಗೆ ಬರುತ್ತಾಳೆ” ಎಂದೆವು. ಆತ ಬಹಳ ಹೊತ್ತು ಸುಮ್ಮನಿದ್ದು, ವಿಷುವಿನ ತನಕ ಸಮಯ ಕೇಳಿದ. ಕೊಂಡ ಸರಕಿನ ಸಾಲ ತೀರಬೇಕಂತೆ. ಕೊಟ್ಟೆವು. ಕೊಡಬಾರದಿತ್ತೆಂದು ಹೇಳುವವರಿರಬಹುದು.

ಆ ರಾತ್ರಿ ನಮೂನೆಯನ್ನು ತುಂಬಿದೆವು. ಫಲಕಕ್ಕೆ ಪೂರ್ಣ ಅಂಕ. ಭಿತ್ತಿಪತ್ರಕ್ಕೆ ಮಕ್ಕಳ ಕೈಬರಹಕ್ಕಾಗಿ ಪೂರ್ಣ ಅಂಕ. ನೂರು ಗಜದ ಅಂಕಣದಲ್ಲಿ ಸೊನ್ನೆ. ಒಟ್ಟು ಸಾಲದೆ ಹೋಯಿತು; ನಮ್ಮ ಶಾಲೆ ಈ ವರ್ಷ ‘ತಂಬಾಕುಮುಕ್ತ’ವಲ್ಲ. ಹಾಗೆಯೇ ಸಹಿ ಹಾಕಿ ಕಳುಹಿಸಿದೆವು. ಮಕ್ಕಳ ಉತ್ತರಪತ್ರಿಕೆಯಲ್ಲಿ ಇಲ್ಲದ ಅಂಕ ಕೊಡದ ಕೈ ತನ್ನದಕ್ಕೆ ಮಾತ್ರ ಹೇಗೆ ಕೊಟ್ಟೀತು?

ವಿಷು ಕಳೆದಿದೆ. ತೋರಣ ಇಳಿದಿದೆ, ಆ ಜಾಗದಲ್ಲಿ ಬಾಳೆಕಾಯಿ ಉಪ್ಪೇರಿಯ ಪೊಟ್ಟಣಗಳಿವೆ. ಒಳಗಿನ ಡಬ್ಬಿಯಲ್ಲಿ ಏನಿದೆಯೆಂದು ಶಾಲೆ ತೆರೆಯುವ ಮೊದಲು ಇನ್ನೊಮ್ಮೆ ಹೋಗಿ ನೋಡಲಿದ್ದೇವೆ. ಮೇ 31ರ ಕಾರ್ಯಕ್ರಮವನ್ನು ಈ ಬಾರಿ ಜೂನಿನಲ್ಲಿ, ಮಕ್ಕಳೂ ತಾಯಿತಂದೆಯರೂ ಸೇರುವ ದಿನ ಇಟ್ಟುಕೊಂಡಿದ್ದೇವೆ. ಭಾಷಣ ಬೇಡವೆಂದು ನಿಶ್ಚಯಿಸಿದ್ದೇವೆ. ಆಶಾ ಕಾರ್ಯಕರ್ತೆಯೊಬ್ಬರು ಬರುತ್ತಾರೆ. ಒಂದು ಟಾರ್ಚು ಇರುತ್ತದೆ.

ಓದುಗ ಬಂಧುಗಳು ಗಡಿಯ ಯಾವ ಕಡೆಯೇ ಇರಲಿ, ಇಷ್ಟನ್ನು ನೆನಪಿಡಬೇಕು. ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ಖಾರ ತಗಲಿದರೆ ಉರಿ, ಬಾಯಿ ತೆರೆಯಲು ಬಿಗಿತ ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಬಿಡಬೇಕೆಂಬ ಮನಸ್ಸಿದ್ದವರಿಗೆ 1800-11-2356 ಎಂಬ ಉಚಿತ ದೂರವಾಣಿಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಕೇಂದ್ರದಿಂದ ಕನ್ನಡದಲ್ಲಿಯೂ ಮಾತಾಡುತ್ತಾರೆ. ಆ ತಂತಿಗೆ ತಲಪಾಡಿಯ ಗೆರೆ ಅಡ್ಡಬರುವುದಿಲ್ಲ. ಈ ದಿನ ಊಟಕ್ಕೆ ಕುಳಿತಾಗ ಮನೆಯ ಹಿರಿಯರೊಡನೆ, ನಾವು ನಮ್ಮ ಅಣ್ಣನವರೊಡನೆ ಆಡದೆ ಹೋದ ಆ ಒಂದು ಮಾತನ್ನು ಆಡಿ ನೋಡಿ.